ಏಳನೇ ಕ್ಲಾಸು ಮುಗೀತು, ಯಾವ ಹೈಸ್ಕೂಲಿಗೆ ಹಾಕೋದು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದೊಳಗೆ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಸುತ್ತ ಫ್ಲೆಕ್ಸ್‌ಗಳು ಏಳುತ್ತವೆ. ಒಂದು ಶಾಲೆಗೆ ಶೇ 96, ಇನ್ನೊಂದಕ್ಕೆ ಶೇ 83. ಕೆಳಗೆ ಸಾಲುಸಾಲು ಮಕ್ಕಳ ಫೋಟೊ, ಮೇಲೆ ಶಾಸಕರದ್ದು. ಅದೇ ಹೊತ್ತಿಗೆ ಏಳನೇ ತರಗತಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಮುಂದೇನು ಎಂಬ ಚರ್ಚೆ ಶುರುವಾಗಿರುತ್ತದೆ. ಸಾಗರ, ಶಿರಸಿ, ತಿಪಟೂರು, ಗೋಕಾಕ, ಚಿಂತಾಮಣಿಯಂಥ ಊರುಗಳಲ್ಲಿ ಖಾಸಗಿ ಶಾಲೆಯ ಫೀಸು ಕಟ್ಟಲಾಗದವರಿಗೂ, ಕಟ್ಟುವ ಅಗತ್ಯ ಕಾಣದವರಿಗೂ ನಾಲ್ಕೈದು ಸರ್ಕಾರಿ ಶಾಲೆಗಳು, ಒಂದೆರಡು ಅನುದಾನಿತ ಶಾಲೆಗಳು ಸಿಗುತ್ತವೆ. ಎಲ್ಲ ಕಡೆ ಪುಸ್ತಕ ಒಂದೇ, ಪರೀಕ್ಷೆ ಒಂದೇ. ಆದರೂ ಒಂದು ಶಾಲೆಗೆ ಸೀಟಿಗಾಗಿ ಓಡಾಟ, ಇನ್ನೊಂದಕ್ಕೆ ಮಕ್ಕಳೇ ಇಲ್ಲ.

ಈ ಆಯ್ಕೆಯಲ್ಲಿ ಹೆಚ್ಚಿನವರು ನೋಡುವುದು ಫ್ಲೆಕ್ಸ್ ಮೇಲಿನ ಆ ಒಂದು ಅಂಕಿಯನ್ನು. ಆ ಅಂಕಿ ಸುಳ್ಳಲ್ಲ, ಆದರೆ ಅದೊಂದರಿಂದ ಶಾಲೆಯನ್ನು ಅಳೆಯಲಾಗದು. ಶಾಲೆಯ ಬಾಗಿಲೊಳಗೆ ಎಂಥ ಮಕ್ಕಳು ಬಂದರು, ಅವರಲ್ಲಿ ಎಷ್ಟು ಜನ ಹತ್ತನೇ ತರಗತಿಯವರೆಗೆ ಉಳಿದರು, ಅವರಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಲು ಮೂರು ವರ್ಷವೂ ಯಾರಾದರೂ ಇದ್ದರೇ? ಈ ಮೂರನ್ನು ಕೇಳದೆ ಎರಡು ಶಾಲೆಗಳನ್ನು ಪಕ್ಕಪಕ್ಕ ಇಡುವುದು ಮಕ್ಕಳಿಗೂ ಅನ್ಯಾಯ, ಕಷ್ಟಪಟ್ಟು ಪಾಠ ಮಾಡುವ ಮೇಷ್ಟರಿಗೂ ಅನ್ಯಾಯ.

ಬೋರ್ಡು ಒಂದೇ, ಬಗೆ ಹಲವು

ಕರ್ನಾಟಕದಲ್ಲಿ ಹೈಸ್ಕೂಲು ಎಂದರೆ 8ರಿಂದ 10ನೇ ತರಗತಿ. ಸಣ್ಣ ಊರಿನಲ್ಲಿ ಇದು ಹಲವು ರೂಪದಲ್ಲಿ ಸಿಗುತ್ತದೆ.

ಊರಿನ ನಡುವೆ ಹಳೆಯ ಹೆಂಚಿನ ಕಟ್ಟಡ, ದೊಡ್ಡ ಮೈದಾನ ಇರುವುದು ಸಾಮಾನ್ಯವಾಗಿ ಜೂನಿಯರ್ ಕಾಲೇಜು. ಬೋರ್ಡಿನ ಮೇಲೆ 'ಸರ್ಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ' ಎಂದಿರುತ್ತದೆ. ಇಂಥವುಗಳಲ್ಲಿ ಮಕ್ಕಳ ಸಂಖ್ಯೆ ಹೆಚ್ಚು, ಮಂಜೂರಾದ ಹುದ್ದೆಗಳೂ ಹೆಚ್ಚು. ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು ಬಹುಪಾಲು ಇಲ್ಲಿಗೇ ಸೇರುತ್ತಾರೆ. ಅನೇಕ ಊರುಗಳಲ್ಲಿ ಬಾಲಕಿಯರ ಪ್ರೌಢಶಾಲೆ ಪ್ರತ್ಯೇಕವಾಗಿದೆ, ಉರ್ದು ಪ್ರೌಢಶಾಲೆಯೂ ಇರುತ್ತದೆ. ಊರಂಚಿನ ಬಡಾವಣೆಯಲ್ಲಿ ಆರ್‌ಎಂಎಸ್‌ಎ ಶಾಲೆ ಕಾಣಬಹುದು. ಕೇಂದ್ರದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ 2009ರಲ್ಲಿ ಶುರುವಾದಾಗ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳನ್ನು ಮೇಲ್ದರ್ಜೆಗೇರಿಸಿ ಹೈಸ್ಕೂಲು ಮಾಡಿದರು. 2018ರಲ್ಲಿ ಆ ಯೋಜನೆ ಸಮಗ್ರ ಶಿಕ್ಷಣದಲ್ಲಿ ಸೇರಿಹೋದರೂ ಜನರ ಬಾಯಲ್ಲಿ ಇವತ್ತಿಗೂ ಅದು 'ಆರೆಮ್ಮೆಸ್ಸೆ ಸ್ಕೂಲೇ'. ಚಿಕ್ಕ ಶಾಲೆ, ಕಡಿಮೆ ಮಕ್ಕಳು, ಎಲ್ಲರ ಹೆಸರೂ ಮೇಷ್ಟರಿಗೆ ಗೊತ್ತು.

ಕರ್ನಾಟಕ ಪಬ್ಲಿಕ್ ಸ್ಕೂಲ್, ಅಂದರೆ ಕೆಪಿಎಸ್, ಎಲ್‌ಕೆಜಿಯಿಂದ ದ್ವಿತೀಯ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದುವ ವ್ಯವಸ್ಥೆ. ಕೆಳಗಿನ ತರಗತಿಗಳಿಂದಲೇ ಮಕ್ಕಳು ಮೇಲಕ್ಕೆ ಬರುವುದರಿಂದ 8ನೇ ತರಗತಿಗೆ ಹೊರಗಿನವರಿಗೆ ಎಷ್ಟು ಜಾಗ ಉಳಿಯುತ್ತದೆ ಎಂದು ಮೊದಲೇ ವಿಚಾರಿಸಬೇಕು.

ಆದರ್ಶ ವಿದ್ಯಾಲಯದ ಲೆಕ್ಕ ಬೇರೆ. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆಂದು ಕೇಂದ್ರದ ಮಾದರಿ ಶಾಲೆ ಯೋಜನೆಯಡಿ ಶುರುವಾದ ಶಾಲೆಗಳಿವು. ರಾಜ್ಯದಲ್ಲಿ 74 ಇವೆ. ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ, 6ನೇ ತರಗತಿಗೆ ಪ್ರವೇಶ ಪರೀಕ್ಷೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಪ್ರವೇಶ 6ನೇ ತರಗತಿಗೇ, ಪರೀಕ್ಷೆ ಬರೆದೇ. ಜಿಲ್ಲೆಗೊಂದರಂತೆ ಇರುವ ನವೋದಯದಲ್ಲೂ ಹಾಗೆಯೇ, ಸಿಬಿಎಸ್‌ಇ ಪಠ್ಯಕ್ರಮ ಎಂಬುದಷ್ಟೇ ವ್ಯತ್ಯಾಸ. ಎಂದರೆ ಇವುಗಳ ಬಗ್ಗೆ ಯೋಚಿಸಬೇಕಾದ ಕಾಲ ಮಗು ಐದನೇ ತರಗತಿಯಲ್ಲಿದ್ದಾಗ. ಏಳು ಮುಗಿದ ಮೇಲೆ ಬಂದು ಕೇಳುವ ಪೋಷಕರಿಗೆ ಇಲ್ಲ ಎಂದು ಹೇಳುವಾಗ ಬೇಸರವಾಗುತ್ತದೆ, ಏಕೆಂದರೆ ಅವರಿಗೆ ಯಾರೂ ಸಮಯಕ್ಕೆ ಹೇಳಿರುವುದಿಲ್ಲ. ನವೋದಯದಲ್ಲಿ ಮಾತ್ರ ಖಾಲಿ ಉಳಿದ ಸೀಟುಗಳಿಗೆ 9ನೇ ತರಗತಿಗೆ ಇನ್ನೊಂದು ಪ್ರವೇಶ ಪರೀಕ್ಷೆ ಇದೆ. ಮಗು 8ರಲ್ಲಿ ಓದುತ್ತಿರುವಾಗ ಅದಕ್ಕೆ ಅರ್ಜಿ ಹಾಕಬೇಕು.

ಅನುದಾನಿತ ಶಾಲೆಯನ್ನು ನಡೆಸುವುದು ಖಾಸಗಿ ಆಡಳಿತ ಮಂಡಳಿ, ಶಿಕ್ಷಕರಿಗೆ ಸಂಬಳ ಕೊಡುವುದು ಸರ್ಕಾರ. ಮಠಗಳು, ಮಿಷನ್‌ಗಳು, ಊರ ಹಿರಿಯರು ಸೇರಿ ಕಟ್ಟಿದ ಶಿಕ್ಷಣ ಸಂಸ್ಥೆಗಳು ಈ ಗುಂಪಿನವು. ಎಷ್ಟೋ ಊರುಗಳಲ್ಲಿ ಅತಿ ಹಳೆಯ, ಅತಿ ಗೌರವದ ಹೈಸ್ಕೂಲು ಇಂಥದ್ದೇ. ಆ ಗೌರವ ಹಿಂದಿನ ಮೇಷ್ಟರುಗಳು ಗಳಿಸಿಕೊಟ್ಟದ್ದು. ಅವರು ನಿವೃತ್ತರಾದ ಮೇಲೆ ಹುದ್ದೆ ತುಂಬಲು ಅನುಮತಿ ಸಿಗದೆ ವರ್ಷಗಟ್ಟಲೆ ಖಾಲಿ ಉಳಿದಿರುವ ಶಾಲೆಗಳಿವೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೊದಲ ಪರೀಕ್ಷೆಯಲ್ಲಿ, ರಾಜ್ಯದ ಸರ್ಕಾರಿ ಶಾಲೆಗಳ ಫಲಿತಾಂಶ ಶೇ 62.7ರಷ್ಟಿತ್ತು, ಅನುದಾನಿತ ಶಾಲೆಗಳದ್ದು ಶೇ 59ರ ಆಸುಪಾಸು. 'ಸರ್ಕಾರಿಗಿಂತ ಅನುದಾನಿತ ಮೇಲು' ಎಂಬ ಹಳೆಯ ನಂಬಿಕೆಯ ಮೇಲೆ ಕಣ್ಣುಮುಚ್ಚಿ ನಡೆಯಬಾರದು.

ಆ ಶೇಕಡಾವಾರನ್ನು ಬಿಡಿಸಿ ನೋಡೋಣ

ಮೊದಲು ಒಂದು ಲೆಕ್ಕ. ಅಂಕಿಗಳು ಉದಾಹರಣೆಗಷ್ಟೇ. ಒಂದು ಶಾಲೆಯಲ್ಲಿ ಮೂರು ವರ್ಷದ ಹಿಂದೆ 8ನೇ ತರಗತಿಗೆ 62 ಮಕ್ಕಳು ಸೇರಿದ್ದರು. ಈ ವರ್ಷ ಪರೀಕ್ಷೆ ಬರೆದವರು 48, ಪಾಸಾದವರು 46. ಫ್ಲೆಕ್ಸ್ ಮೇಲೆ ಶೇ 96. ಇನ್ನೊಂದು ಶಾಲೆಗೆ 110 ಮಕ್ಕಳು ಸೇರಿದ್ದರು, 106 ಮಕ್ಕಳು ಪರೀಕ್ಷೆ ಬರೆದರು, 88 ಮಕ್ಕಳು ಪಾಸಾದರು. ಫ್ಲೆಕ್ಸ್ ಮೇಲೆ ಶೇ 83. ಈಗ ಪಾಸಾದವರನ್ನು ಸೇರಿದವರಿಗೆ ಹೋಲಿಸಿ. ಮೊದಲ ಶಾಲೆಯಲ್ಲಿ 62ಕ್ಕೆ 46, ಅಂದರೆ ಶೇ 74. ಎರಡನೆಯದರಲ್ಲಿ 110ಕ್ಕೆ 88, ಅಂದರೆ ಶೇ 80. ಫ್ಲೆಕ್ಸ್‌ನಲ್ಲಿ ಹಿಂದೆ ಬಿದ್ದ ಶಾಲೆಯೇ ತನ್ನ ಬಳಿ ಬಂದ ಮಕ್ಕಳಲ್ಲಿ ಹೆಚ್ಚಿನವರನ್ನು ದಡ ಮುಟ್ಟಿಸಿದೆ.

ಮೊದಲ ಶಾಲೆಯ ಆ 14 ಮಕ್ಕಳು ಎಲ್ಲಿ ಹೋದರು? ಅಪ್ಪನಿಗೆ ವರ್ಗವಾಗಿ ಟಿಸಿ ತೆಗೆದುಕೊಂಡು ಹೋದವರು ಇರಬಹುದು. ಅದಕ್ಕೆ ಶಾಲೆಯನ್ನು ದೂರಲಾಗದು. ಆದರೆ ಒಂಬತ್ತರಲ್ಲಿ ಫೇಲಾಗಿ ನಿಂತವರು, ನಿಮ್ಮ ಮಗ ಇಲ್ಲಿ ಪಾಸಾಗೋದು ಕಷ್ಟ ಎಂದು ಹೇಳಿಸಿಕೊಂಡು ಬೇರೆ ಕಡೆ ಹೋದವರು, ಶಾಲೆಯನ್ನೇ ಬಿಟ್ಟು ಗ್ಯಾರೇಜಿಗೋ ತೋಟದ ಕೂಲಿಗೋ ಸೇರಿದವರು ಇದ್ದರೆ ಆ ಶೇ 96ರ ಹಿಂದೆ ಅವರೂ ಇದ್ದಾರೆ. ಇದನ್ನು ಮುಖ್ಯ ಶಿಕ್ಷಕರನ್ನು ನೇರವಾಗಿ ಕೇಳಬಹುದು: 'ಸರ್, ಈ ಬ್ಯಾಚಿನವರು ಎಂಟಕ್ಕೆ ಸೇರಿದಾಗ ಎಷ್ಟು ಮಕ್ಕಳಿದ್ದರು?' ಒಳ್ಳೆಯ ಮುಖ್ಯ ಶಿಕ್ಷಕರು ಬಿಟ್ಟುಹೋದವರ ಹೆಸರು ಹಿಡಿದು ಕಾರಣ ಹೇಳುತ್ತಾರೆ. ಪ್ರತಿ ಮಗುವಿಗೂ ಸ್ಯಾಟ್ಸ್ (ಇಲಾಖೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ) ಸಂಖ್ಯೆ ಇದೆ, ಟಿಸಿಯೂ ಅದರ ಮೂಲಕವೇ ಹೋಗುತ್ತದೆ. ಹಾಗಾಗಿ ಮಗು ಇನ್ನೊಂದು ಶಾಲೆಗೆ ಸೇರಿತೇ ಇಲ್ಲವೇ ಎಂಬುದು ಶಾಲೆಗೆ ಗೊತ್ತಿರಲೇಬೇಕಾದ ಸಂಗತಿ.

ಪ್ರವೇಶ ಪರೀಕ್ಷೆ ನಡೆಸಿ ಮಕ್ಕಳನ್ನು ತೆಗೆದುಕೊಳ್ಳುವ ಶಾಲೆಯ ಫಲಿತಾಂಶವನ್ನು ಎಲ್ಲರಿಗೂ ಬಾಗಿಲು ತೆರೆದ ಶಾಲೆಯ ಪಕ್ಕ ಇಡಲೇಬಾರದು. ಆದರ್ಶ ವಿದ್ಯಾಲಯಕ್ಕೆ ಬರುವ ಮಗು ಆರನೇ ತರಗತಿಯಲ್ಲೇ ಸರಾಗವಾಗಿ ಓದಿ, ಲೆಕ್ಕ ಮಾಡಿ, ನೂರಾರು ಮಕ್ಕಳನ್ನು ಹಿಂದೆ ಹಾಕಿ ಬಂದಿರುತ್ತದೆ. ಅಲ್ಲಿ ಎಲ್ಲರೂ ಪಾಸಾಗಬೇಕಾದ್ದೇ. ಅಲ್ಲಿ ಕೇಳಬೇಕಾದ್ದು 500ರ ಮೇಲೆ ಅಂಕ ಬಂದವರು ಎಷ್ಟು, ಗಣಿತದಲ್ಲಿ 80 ದಾಟಿದವರು ಎಷ್ಟು ಎಂದು. ಜೂನಿಯರ್ ಕಾಲೇಜಿಗೆ ಭಾಗಾಕಾರ ಬಾರದ ಮಗುವೂ ಬರುತ್ತದೆ, ಮುಖ್ಯ ಶಿಕ್ಷಕರು ಬೇಡ ಅನ್ನುವಂತಿಲ್ಲ. ಅಂಥ ಮಗುವನ್ನು ಮೂರು ವರ್ಷದಲ್ಲಿ ಪಾಸು ಮಾಡಿಸಿದ ಮೇಷ್ಟರ ಕೆಲಸ ಯಾವ ಫ್ಲೆಕ್ಸ್ ಮೇಲೂ ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಕೆಲಸ.

ಚಿಕ್ಕ ಶಾಲೆಯ ಶೇಕಡಾವಾರು ನೋಡುವಾಗ ಇನ್ನೊಂದು ಎಚ್ಚರ ಬೇಕು. ಹತ್ತನೇ ತರಗತಿಯಲ್ಲಿ 20 ಮಕ್ಕಳಿದ್ದರೆ ಒಬ್ಬ ಫೇಲಾದರೂ ಶೇ 5 ಇಳಿಯುತ್ತದೆ. ಪರೀಕ್ಷೆ ಹೊತ್ತಿಗೆ ಇಬ್ಬರಿಗೆ ಹುಷಾರು ತಪ್ಪಿದರೆ ಶೇ 100ರ ಶಾಲೆ ಶೇ 90 ಆಗುತ್ತದೆ. ಆರ್‌ಎಂಎಸ್‌ಎ ಶಾಲೆಗಳ ಒಂದು ವರ್ಷದ ಫಲಿತಾಂಶ ನೋಡಿ ಹೊಗಳುವುದೂ ಬೇಡ, ಬಯ್ಯುವುದೂ ಬೇಡ. ಮೂರು ವರ್ಷದ್ದನ್ನು ಕೂಡಿಸಿ ನೋಡಿದರೆ ಮಾತ್ರ ಏನಾದರೂ ತಿಳಿಯುತ್ತದೆ.

ಹಾಗೆ ಕೂಡಿಸುವಾಗ ಆಯಾ ವರ್ಷದ ರಾಜ್ಯದ ಫಲಿತಾಂಶವೂ ಕಣ್ಣ ಮುಂದಿರಲಿ. 2023ರಲ್ಲಿ ರಾಜ್ಯದ ಒಟ್ಟು ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ನಕಲಿಗೆ ಕಡಿವಾಣ ಬಿದ್ದು ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಆ ವರ್ಷ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಪರೀಕ್ಷೆ-1ರ ಫಲಿತಾಂಶ ಶೇ 66.14ಕ್ಕೆ ಬಂತು. ಎಂದರೆ 2023ರಲ್ಲಿ ಶೇ 85 ಇದ್ದು 2025ರಲ್ಲಿ ಶೇ 75ಕ್ಕೆ ಬಂದ ಶಾಲೆ ಕೆಟ್ಟಿದೆ ಎನ್ನುವಂತಿಲ್ಲ. ರಾಜ್ಯ 17 ಅಂಶಕ್ಕೂ ಹೆಚ್ಚು ಇಳಿದಾಗ ಅದು 10 ಮಾತ್ರ ಇಳಿದಿದೆ. ನಿಜಕ್ಕೂ ಅದು ಗಟ್ಟಿಯಾಗಿ ನಿಂತ ಶಾಲೆ. ಇನ್ನು 2025-26ನೇ ಸಾಲಿನಿಂದ ಪಾಸಾಗುವ ಮಿತಿಯನ್ನೇ ಒಟ್ಟು ಶೇ 33ಕ್ಕೆ, ಅಂದರೆ 625ಕ್ಕೆ 206ಕ್ಕೆ ಇಳಿಸಿದ್ದಾರೆ. ಅದರ ಮುಂದಿನ ಫಲಿತಾಂಶಗಳನ್ನು ಹಿಂದಿನವುಗಳ ಜೊತೆ ಹಾಗೇ ಇಟ್ಟು ನೋಡಲಾಗದು. ಒಂದೇ ವರ್ಷದೊಳಗೆ ಶಾಲೆಯನ್ನು ತಾಲ್ಲೂಕಿನ ಸರಾಸರಿ ಜೊತೆ ಹೋಲಿಸುವುದೇ ಸರಿಯಾದ ದಾರಿ. ಜಿಲ್ಲೆ ಜಿಲ್ಲೆಗೂ ಅಜಗಜಾಂತರವಿದೆ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದರೆ ಕಲಬುರಗಿ ಶೇ 42.43. ಶೇ 75 ಪಡೆದ ಶಾಲೆ ಪುತ್ತೂರಿನಲ್ಲಿ ಹಿಂದುಳಿದದ್ದು, ಸೇಡಂನಲ್ಲಿ ಹೆಮ್ಮೆಪಡಬೇಕಾದದ್ದು.

2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಫ್ಲೆಕ್ಸ್ ಮೇಲಿರುವುದು ಪರೀಕ್ಷೆ-1ರದ್ದೋ, ಎಲ್ಲವನ್ನೂ ಕೂಡಿಸಿದ್ದೋ ಎಂದು ಒಂದು ಮಾತು ಕೇಳಿ. ಜೊತೆಗೆ ವಿಷಯವಾರು ಫಲಿತಾಂಶದ ಹಾಳೆ ಕೇಳಿ. ಎಲ್ಲ ಹೈಸ್ಕೂಲಿನಲ್ಲೂ ಅದು ಇರುತ್ತದೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಬೇಕಾಗುತ್ತದೆ. ಕನ್ನಡದಲ್ಲಿ ಎಲ್ಲರೂ ಪಾಸು, ಗಣಿತದಲ್ಲಿ ಮೂರನೇ ಒಂದು ಭಾಗ ಫೇಲು ಎಂದಿದ್ದರೆ ಶಾಲೆಯ ನೋವು ಎಲ್ಲಿದೆ ಎಂದು ಆ ಹಾಳೆಯೇ ತೋರಿಸುತ್ತದೆ. ಆ ನೋವಿನ ಕಾರಣ ಹೆಚ್ಚಿನ ಸಲ ಮುಂದಿನ ವಿಷಯದಲ್ಲೇ ಸಿಗುತ್ತದೆ.

ಪಿಸಿಎಂ ಮೇಷ್ಟ್ರು ಇದ್ದಾರಾ?

ಸರ್ಕಾರಿ ಹೈಸ್ಕೂಲಿನ ಒಳಗಿನವರ ಮಾತಿನಲ್ಲಿ ಪಿಸಿಎಂ ಎಂದರೆ ಗಣಿತ ಮತ್ತು ಭೌತವಿಜ್ಞಾನ ತೆಗೆದುಕೊಳ್ಳುವ ಮೇಷ್ಟ್ರು, ಸಿಬಿಝಡ್ ಎಂದರೆ ಜೀವವಿಜ್ಞಾನ, ರಸಾಯನವಿಜ್ಞಾನದವರು. ಇವರ ಜೊತೆ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನಕ್ಕೆ ಒಬ್ಬೊಬ್ಬರು, ದೈಹಿಕ ಶಿಕ್ಷಕರು, ಅದೃಷ್ಟವಿದ್ದರೆ ಚಿತ್ರಕಲಾ ಶಿಕ್ಷಕರು. ಚಿಕ್ಕ ಶಾಲೆಯಲ್ಲಿ ಪ್ರತಿ ಹುದ್ದೆಗೂ ಒಬ್ಬರೇ. ಅವರಿಗೆ ವರ್ಗವಾದರೆ, ಬೇರೆ ಶಾಲೆಗೆ ನಿಯೋಜನೆ ಆದರೆ, ಆ ವಿಷಯಕ್ಕೆ ಮಕ್ಕಳಿಗೆ ಯಾರೂ ಇಲ್ಲ. ಆಗ ಅತಿಥಿ ಶಿಕ್ಷಕರು ಬರುತ್ತಾರೆ. ಅವರಲ್ಲಿ ಎಷ್ಟೋ ಜನ ತುಂಬ ಚೆನ್ನಾಗಿ ಪಾಠ ಮಾಡುವವರು, ಕೈಗೆ ಬರುವ ಗೌರವಧನ ನೋಡಿದರೆ ಅವರ ಶ್ರದ್ಧೆಗೆ ಕೈಮುಗಿಯಬೇಕು. ತೊಂದರೆ ಇರುವುದು ನೇಮಕದ ಕ್ರಮದಲ್ಲಿ. ಶಾಲೆ ಮೇ ಕೊನೆಗೆ ಶುರುವಾದರೆ ಅತಿಥಿ ಶಿಕ್ಷಕರ ಆದೇಶ ತಡವಾಗಿ ಬರುವುದುಂಟು, ಅಷ್ಟರೊಳಗೆ ಒಂದೆರಡು ಅಧ್ಯಾಯದ ಕಾಲ ಕಳೆದಿರುತ್ತದೆ. ಮರುವರ್ಷ ಅವರೇ ಬರುತ್ತಾರೆಂಬ ಖಾತ್ರಿಯೂ ಇಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ 'ಶಿಕ್ಷಕರು ಎಷ್ಟು ಜನ?' ಎಂದಷ್ಟೇ ಆದರೆ ಸಾಲದು. ಗಣಿತ, ವಿಜ್ಞಾನ, ಇಂಗ್ಲಿಷ್‌ಗೆ ಕಾಯಂ ಶಿಕ್ಷಕರಿದ್ದಾರೆಯೇ, ಅವರು ಈ ಶಾಲೆಗೆ ಬಂದು ಎಷ್ಟು ವರ್ಷವಾಯಿತು, ಈ ಸಲದ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಯಾರಾದರೂ ಹೋಗುವವರಿದ್ದಾರೆಯೇ ಎಂದು ಕೇಳಿ. ದೊಡ್ಡ ಶಾಲೆಯ ನಿಜವಾದ ಬಲ ಇಲ್ಲಿದೆ. ಇಬ್ಬರು ಪಿಸಿಎಂ ಶಿಕ್ಷಕರಿರುವ ಕಡೆ ಒಬ್ಬರು ಹೋದರೂ ಇನ್ನೊಬ್ಬರು ಹೇಗೋ ತೂಗಿಸುತ್ತಾರೆ. ಚಿಕ್ಕ ಶಾಲೆಯ ಬಲ ಮಕ್ಕಳ ಮೇಲಿನ ಗಮನ, ಅದರ ಅಪಾಯ ಒಬ್ಬರನ್ನೇ ನೆಚ್ಚಿಕೊಂಡಿರುವುದು. ನಿಮ್ಮ ಮಗು ನಾಚಿಕೆಯ ಸ್ವಭಾವದ್ದಾಗಿ, 60 ಮಕ್ಕಳ ಕೊಠಡಿಯಲ್ಲಿ ಬಾಯಿ ಬಿಡದೆ ಕೂರುವಂಥದ್ದಾದರೆ ಆ ಅಪಾಯವನ್ನು ಒಪ್ಪಿಕೊಂಡು ಚಿಕ್ಕ ಶಾಲೆಗೆ ಹಾಕುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಕೊಠಡಿ, ಲ್ಯಾಬು, ಶೌಚಾಲಯ ಎಷ್ಟು ಎಂಬುದನ್ನು ಮನೆಯಲ್ಲೇ ಕೂತು ನೋಡಬಹುದು. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ, ಕರ್ನಾಟಕದ್ದು 29ರಿಂದ ಶುರು. ಯುಡೈಸ್ ಪ್ಲಸ್ ಜಾಲತಾಣದ 'ನೋ ಯುವರ್ ಸ್ಕೂಲ್' ವಿಭಾಗದಲ್ಲಿ ಜಿಲ್ಲೆ, ತಾಲ್ಲೂಕು ಆರಿಸಿದರೆ ಶಾಲೆಯ ಮಾಹಿತಿ ತೆರೆಯುತ್ತದೆ. ಅಲ್ಲಿರುವುದು ಶಾಲೆಯೇ ತುಂಬಿ ಕಳಿಸಿದ ವಿವರ, ಹಿಂದಿನ ಸಾಲಿನದ್ದೂ ಆಗಿರಬಹುದು. ಲ್ಯಾಬು ಇದೆ ಎಂದು ಬರೆದಿದ್ದರೆ ಒಂದು ಕೊಠಡಿ ಇದೆ ಎಂದು ತಿಳಿಯಬಹುದು, ಅದರ ಬೀಗ ತೆರೆಯುತ್ತದೋ ಇಲ್ಲವೋ ಹೋಗಿಯೇ ನೋಡಬೇಕು.

ಎಂಟಕ್ಕೆ ಇಂಗ್ಲಿಷ್ ಮೀಡಿಯಂ: ಒಂದು ಟಿಕ್ ಗುರುತಿನ ಬೆಲೆ

ಸಣ್ಣ ಊರುಗಳಲ್ಲಿ ಅತಿ ಹೆಚ್ಚು ಅವಸರದಲ್ಲಿ ಆಗುವ ತೀರ್ಮಾನ ಇದು. ಒಂದರಿಂದ ಏಳರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವನ್ನು ಎಂಟನೇ ತರಗತಿಯ ಅರ್ಜಿಯಲ್ಲಿ ಇಂಗ್ಲಿಷ್ ವಿಭಾಗಕ್ಕೆ ಟಿಕ್ ಹಾಕಿಬಿಡುತ್ತಾರೆ. 'ಪಿಯುಸಿಗೆ ಸೈನ್ಸ್ ತಗೊಂಡರೆ ಹೇಗೂ ಇಂಗ್ಲಿಷೇ' ಎಂಬ ವಾದದಲ್ಲಿ ಹುರುಳಿದೆ. ಆದರೆ ಕಳೆದುಕೊಳ್ಳುವುದೇನು ಎಂಬುದನ್ನು ಬಹಳ ಜನ ಲೆಕ್ಕ ಹಾಕಿರುವುದಿಲ್ಲ.

ರಾಜ್ಯ ಸರ್ಕಾರಿ ಹುದ್ದೆಗಳ ನೇಮಕಾತಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಸಿಇಟಿ ಮೂಲಕ ವೃತ್ತಿಪರ ಕೋರ್ಸ್‌ಗಳಿಗೆ ಸೀಟು ಹಂಚುವಾಗಲೂ ಕನ್ನಡ ಮಾಧ್ಯಮಕ್ಕೆ ಶೇ 5, ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15 ಇದೆ. ಇವುಗಳ ಷರತ್ತು ಒಂದೇ ಬಗೆಯದು: ಒಂದನೇ ತರಗತಿಯಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು, ಗ್ರಾಮೀಣ ಮೀಸಲಾತಿಗಾದರೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಏಳು ವರ್ಷ ಕನ್ನಡದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ವಿಭಾಗ ಸೇರಿದರೆ ಆ ಏಳು ವರ್ಷಕ್ಕೆ ಲೆಕ್ಕವೇ ಇಲ್ಲ. ಹಾಗೆಯೇ ಹಳ್ಳಿಯ ಶಾಲೆಯಲ್ಲಿ ಏಳು ಮುಗಿಸಿ ಎಂಟಕ್ಕೆ ನಗರಸಭೆ, ಪುರಸಭೆ ವ್ಯಾಪ್ತಿಯ ಶಾಲೆಗೆ ಬಂದರೆ ಗ್ರಾಮೀಣ ಮೀಸಲಾತಿಯ ಬಾಗಿಲು ಮುಚ್ಚುತ್ತದೆ. ಹೋಬಳಿ ಹೈಸ್ಕೂಲು ಚೆನ್ನಾಗಿಯೇ ಇದ್ದು, ಸುಮ್ಮನೆ ಪೇಟೆ ಶಾಲೆ ಎಂಬ ಆಸೆಗೆ ಮಗುವನ್ನು ಬಸ್ಸು ಹತ್ತಿಸುವ ಮೊದಲು ಇದನ್ನು ಯೋಚಿಸಬೇಕು. ಮುಂದೆ ಸಿಇಟಿ ಹೊತ್ತಿಗೆ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಹಾಕಿಸಲು ಹೋದಾಗ ಗೊತ್ತಾದರೆ ಏನೂ ಮಾಡಲಾಗದು.

ಇನ್ನೊಂದು ಮಾತು. ಅನೇಕ ಸರ್ಕಾರಿ ಶಾಲೆಗಳಲ್ಲಿ ಕನ್ನಡ ವಿಭಾಗಕ್ಕೂ ಇಂಗ್ಲಿಷ್ ವಿಭಾಗಕ್ಕೂ ಪಾಠ ಮಾಡುವವರು ಅದೇ ಶಿಕ್ಷಕರು. ಇಂಗ್ಲಿಷ್ ಪುಸ್ತಕ ಹಿಡಿದು ಕನ್ನಡದಲ್ಲಿ ವಿವರಿಸುತ್ತಾರೆ. ಮಕ್ಕಳಿಗೆ ಅರ್ಥವೂ ಆಗುತ್ತದೆ. ಕಷ್ಟ ಬರುವುದು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ. ಬಾಯಿಪಾಠ ಶುರುವಾಗುವುದು ಅಲ್ಲಿಂದಲೇ. ಏಳನೇ ತರಗತಿಯ ಮಗುವಿಗೆ ಇಂಗ್ಲಿಷಿನಲ್ಲಿ ತನ್ನ ಮನೆಯ ಬಗ್ಗೆ ಐದು ವಾಕ್ಯ ಸ್ವಂತವಾಗಿ ಬರೆಯಲು ಹೇಳಿ ನೋಡಿ. ಬರೆದರೆ ಇಂಗ್ಲಿಷ್ ವಿಭಾಗದ ಬಗ್ಗೆ ಯೋಚಿಸಬಹುದು. ಪೆನ್ನು ನಿಂತರೆ ಕನ್ನಡ ಮಾಧ್ಯಮದಲ್ಲೇ ವಿಷಯ ಗಟ್ಟಿ ಮಾಡಿಕೊಂಡು, ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಯುವುದೇ ಕ್ಷೇಮ. ರಾಜ್ಯ ಪಠ್ಯಕ್ರಮ ಸಾಲದು ಎಂಬ ಭಯವೂ ಬೇಡ, ಹತ್ತನೇ ತರಗತಿಯ ಗಣಿತ ಮತ್ತು ವಿಜ್ಞಾನಕ್ಕೆ ನಮ್ಮಲ್ಲಿರುವುದು ಎನ್‌ಸಿಇಆರ್‌ಟಿ ಪಠ್ಯವೇ.

ಅಷ್ಟಾಗಿ ಯಾರೂ ನೋಡದ ಒಂದು ಅಳತೆ

ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಎಂಟನೇ ತರಗತಿಯ ಮಕ್ಕಳು ಬರೆಯುತ್ತಾರೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ದಾಟಿರಬಾರದು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳವರಿಗೆ ಮಾತ್ರ ಇದು. ನವೋದಯ, ಕೇಂದ್ರೀಯ ವಿದ್ಯಾಲಯ, ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ ಇಲ್ಲ. ಬೌದ್ಧಿಕ ಸಾಮರ್ಥ್ಯಕ್ಕೆ 90, ಶಾಲಾ ವಿಷಯಗಳಿಗೆ 90 ಪ್ರಶ್ನೆಗಳು. ಬಾಯಿಪಾಠ ಇಲ್ಲಿ ನಡೆಯುವುದಿಲ್ಲ.

ಒಂದು ಶಾಲೆಯಿಂದ ವರ್ಷ ವರ್ಷವೂ ಇಬ್ಬರೋ ಮೂವರೋ ಇದರಲ್ಲಿ ಆಯ್ಕೆಯಾಗುತ್ತಿದ್ದರೆ ಅಲ್ಲಿ ಯಾರೋ ಒಬ್ಬ ಮೇಷ್ಟ್ರು ಸಂಜೆ ಶಾಲೆ ಬಿಟ್ಟ ಮೇಲೂ ಎಂಟನೇ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದಾರೆ ಎಂದರ್ಥ. ಎಸ್ಸೆಸ್ಸೆಲ್ಸಿಗೆ ಇಲಾಖೆಯ ಒತ್ತಡ ಇರುತ್ತದೆ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಸಭೆ ಇರುತ್ತದೆ, ಎಲ್ಲ ಶಾಲೆಯೂ ವಿಶೇಷ ತರಗತಿ ಮಾಡುತ್ತದೆ. ಎಂಟನೇ ತರಗತಿಯ ಮಕ್ಕಳ ಬಗ್ಗೆ ಅಷ್ಟು ಒತ್ತಡ ಇಲ್ಲ. ಯಾರೂ ಕೇಳದಿದ್ದಾಗಲೂ ಶಾಲೆ ಏನು ಮಾಡುತ್ತದೆ ಎಂಬುದು ಇದರಲ್ಲಿ ಕಾಣುತ್ತದೆ. ನಾನು ಶಾಲೆಗಳನ್ನು ಹೋಲಿಸುವಾಗ ಈ ಪಟ್ಟಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶದಷ್ಟೇ ಬೆಲೆ ಕೊಡುತ್ತೇನೆ.

ದಾರಿ, ಊಟ, ಶೌಚಾಲಯ

ಊಟದಲ್ಲಿ ಶಾಲೆ ಶಾಲೆಗೆ ಹೆಚ್ಚು ವ್ಯತ್ಯಾಸವಿಲ್ಲ. ಬಿಸಿಯೂಟ, ಹಾಲು, ಮೊಟ್ಟೆ, ಪಠ್ಯಪುಸ್ತಕ ಸರ್ಕಾರಿ ಮತ್ತು ಅನುದಾನಿತ ಎರಡೂ ಕಡೆ ಹತ್ತನೇ ತರಗತಿವರೆಗೂ ಸಿಗುತ್ತವೆ.

ದಾರಿಯದ್ದು ಹಾಗಲ್ಲ. ಆದರ್ಶ ವಿದ್ಯಾಲಯ, ಆರ್‌ಎಂಎಸ್‌ಎ ಶಾಲೆಗಳಿಗೆ ಊರ ಹೊರಗೆ ಜಾಗ ಸಿಕ್ಕಿರುವುದೇ ಹೆಚ್ಚು. ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಆದರೆ ಬಸ್ಸು ಬೆಳಿಗ್ಗೆ ಶಾಲೆಯ ಹೊತ್ತಿಗೆ ಇದೆಯೇ, ಸಂಜೆ ವಿಶೇಷ ತರಗತಿ ಮುಗಿಸಿ ಬರುವಾಗ ಸಿಗುತ್ತದೆಯೇ ಎಂಬುದೇ ಪ್ರಶ್ನೆ. ಹತ್ತನೇ ತರಗತಿಯಲ್ಲಿ ಡಿಸೆಂಬರ್ ಆದಮೇಲೆ ಮಕ್ಕಳನ್ನು ಸಂಜೆ ಹೊತ್ತಾಗುವವರೆಗೆ ಕೂರಿಸಿಕೊಳ್ಳುವ ಶಾಲೆಗಳೇ ಹೆಚ್ಚು. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ನಡೆಯುವ ದಾರಿಯನ್ನು ಒಮ್ಮೆ ಆ ಹೊತ್ತಿಗೇ ನೀವೇ ನಡೆದು ನೋಡಿ. ಹೆಣ್ಣುಮಕ್ಕಳ ಶೌಚಾಲಯವನ್ನು ತಾಯಂದಿರು ಕಣ್ಣಾರೆ ನೋಡಬೇಕು. ನೀರು ಬರುತ್ತದೆಯೇ, ಒಳಗಿನ ಚಿಲಕ ಇದೆಯೇ, ಬೀಗದ ಕೈ ಯಾರ ಬಳಿ ಇರುತ್ತದೆ. ಬೀಗ ಹಾಕಿ ಕೀಲಿಯನ್ನು ಕಚೇರಿಯಲ್ಲಿ ಇಟ್ಟಿರುವ ಶಾಲೆಯಲ್ಲಿ ಹುಡುಗಿಯರು ದಿನವಿಡೀ ನೀರು ಕುಡಿಯದೆ ಇರುತ್ತಾರೆ, ತಿಂಗಳಲ್ಲಿ ಮೂರು ನಾಲ್ಕು ದಿನ ಶಾಲೆಗೇ ಬರುವುದಿಲ್ಲ. ಇದು ಫಲಿತಾಂಶಕ್ಕೂ ಸಂಬಂಧಿಸಿದ ವಿಷಯ ಎಂದು ಎಷ್ಟು ಸಲ ಹೇಳಿದರೂ ಸಾಲದು.

ಶಾಲೆಗೆ ಹೋದಾಗ

ಶಾಲೆ ನಡೆಯುವ ದಿನವೇ ಹೋಗಿ. ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ಶುರುವಾದ ಮೇಲೆ ಮುಖ್ಯ ಶಿಕ್ಷಕರ ಅನುಮತಿ ಪಡೆದು ಒಂದು ಸುತ್ತು ಬನ್ನಿ. ತರಗತಿಯ ಕಪ್ಪು ಹಲಗೆಯ ಮೂಲೆಯಲ್ಲಿ ಒಟ್ಟು, ಹಾಜರು, ಗೈರು ಎಂದು ಬರೆದಿರುತ್ತಾರೆ. 54ಕ್ಕೆ 50 ಹಾಜರಿದ್ದರೆ ಒಂದು ಕಥೆ, 54ಕ್ಕೆ 36 ಇದ್ದರೆ ಇನ್ನೊಂದು. ಜಾತ್ರೆ, ಸುಗ್ಗಿ ಇದ್ದರೆ ಬಿಡಿ, ಸಾಮಾನ್ಯ ದಿನದಲ್ಲಿ ಮೂರನೇ ಒಂದು ಭಾಗ ಗೈರಿದ್ದರೆ ಆ ಶಾಲೆ ಮಕ್ಕಳನ್ನು ಹಿಡಿದಿಟ್ಟುಕೊಂಡಿಲ್ಲ. ಕಚೇರಿ ಗೋಡೆಯ ಮೇಲೆ ವೇಳಾಪಟ್ಟಿ ತೂಗುಹಾಕಿರುತ್ತಾರೆ. ಗಣಿತದ ಪೀರಿಯಡ್ ಮುಂದೆ ಯಾರ ಹೆಸರಿನ ಮೊದಲಕ್ಷರ ಇದೆ, ಅವರು ಆಗ ಯಾವ ತರಗತಿಯಲ್ಲಿರಬೇಕು, ಅಲ್ಲಿ ಇದ್ದಾರೆಯೇ ಎಂದು ನೋಡುವುದಕ್ಕೆ ಐದು ನಿಮಿಷ ಸಾಕು.

ಇದೆಲ್ಲಕ್ಕಿಂತ ಹೆಚ್ಚು ಹೇಳುವುದು ಮಕ್ಕಳ ನೋಟ್‌ಬುಕ್. ಆ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಪಕ್ಕದ ಮನೆಯ ಹುಡುಗನದ್ದೋ ಹುಡುಗಿಯದ್ದೋ ಗಣಿತದ ಪುಸ್ತಕ ಕೇಳಿ ನೋಡಿ. ತಾರೀಕುಗಳನ್ನು ಗಮನಿಸಿ. ವಾರಕ್ಕೆ ನಾಲ್ಕೈದು ದಿನ ಲೆಕ್ಕ ಮಾಡಿಸಿದ್ದಾರೆಯೇ, ನಡುವೆ ತಿಂಗಳುಗಟ್ಟಲೆ ಖಾಲಿ ಇದೆಯೇ? ಕೆಂಪು ಶಾಯಿ ಎಲ್ಲಿ ಬಿದ್ದಿದೆ? ಪುಟದ ಕೆಳಗೆ ಸಹಿ ಮಾತ್ರ ಇದ್ದರೆ ನೋಡಿದ್ದಾರೆ ಎಂದಷ್ಟೇ. ಲೆಕ್ಕದ ನಡುವಿನ ಒಂದು ಹೆಜ್ಜೆಗೆ ಸುತ್ತು ಹಾಕಿ ಚಿಹ್ನೆ ತಿದ್ದಿದ್ದರೆ, ಪಕ್ಕದಲ್ಲಿ ಮತ್ತೆ ಮಾಡು ಎಂದು ಬರೆದು, ಮಗು ಮತ್ತೆ ಮಾಡಿದ್ದರೆ, ಆ ಮೇಷ್ಟರ ಕೈಗೆ ಮಗುವನ್ನು ಒಪ್ಪಿಸಬಹುದು. ಅದೇ ಮಗುವನ್ನು ಲಿಟ್ಮಸ್ ಕಾಗದ ಯಾವಾಗ ಮುಟ್ಟಿದ್ದೆ, ಲೈಬ್ರರಿಯಿಂದ ಯಾವ ಪುಸ್ತಕ ತಂದಿದ್ದೆ ಎಂದು ಕೇಳಿ. ಸ್ಮಾರ್ಟ್ ಕ್ಲಾಸಿನ ಟಿವಿ ಬಗ್ಗೆ ಕೇಳುವುದು ಆಮೇಲೂ ಆಗುತ್ತದೆ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಪೋಷಕರೊಬ್ಬರ ಜೊತೆ ಮಾತಾಡುವುದೂ ಒಳ್ಳೆಯದು. ಹೊಗಳಿಕೆ, ತೆಗಳಿಕೆ ಎರಡನ್ನೂ ಸ್ವಲ್ಪ ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿ: ಮಗು ನಾಲ್ಕು ದಿನ ಶಾಲೆಗೆ ಹೋಗದಿದ್ದರೆ ಮನೆಗೆ ಫೋನ್ ಬರುತ್ತದೆಯೇ?

ಉರ್ದು ಪ್ರೌಢಶಾಲೆ, ಬಡಾವಣೆಯ ಆರ್‌ಎಂಎಸ್‌ಎ ಶಾಲೆಗಳನ್ನು ಒಳಗೆ ಕಾಲಿಡದೆಯೇ ತಳ್ಳಿಹಾಕುವವರಿದ್ದಾರೆ. 'ಅಲ್ಲಿಗೆ ಎಂಥೆಂಥವರ ಮಕ್ಕಳೋ ಬರ್ತಾರೆ' ಎಂಬ ಮಾತು ಎಲ್ಲ ಊರಿನಲ್ಲೂ ಕೇಳುತ್ತದೆ. ಆ ಮಾತಿನಲ್ಲಿರುವುದು ಜಾತಿ ಮತ್ತು ದುಡ್ಡಿನ ಲೆಕ್ಕ. ಶಾಲೆಯ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಕೂಲಿಕಾರರ ಮಕ್ಕಳು, ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದವರು ಇರುವ ಶಾಲೆಯಲ್ಲೇ ಅತ್ಯಂತ ಶ್ರದ್ಧೆಯ ಮೇಷ್ಟ್ರು ಸಿಗುವುದೂ ಉಂಟು.

ಸೇರಿಸುವ ಹೊತ್ತು

ಹೈಸ್ಕೂಲು ದಾಖಲಾತಿ ಮೇ ಕೊನೆಯ ವಾರದಲ್ಲಿ ಶಾಲೆ ತೆರೆಯುವಾಗ ಶುರುವಾಗುತ್ತದೆ. ಏಳನೇ ತರಗತಿಯ ಟಿಸಿ, ಅಂಕಪಟ್ಟಿ, ಮಗುವಿನ ಮತ್ತು ತಂದೆತಾಯಿಯ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಫೋಟೊ ಬೇಕು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಏಪ್ರಿಲ್‌ನಲ್ಲೇ ನಾಡಕಚೇರಿಗೆ ಅರ್ಜಿ ಹಾಕಿ, ವಿದ್ಯಾರ್ಥಿವೇತನಗಳಿಗೂ ಅದೇ ಬೇಕಾಗುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನಾಂಕ ಟಿಸಿ ಮತ್ತು ಆಧಾರ್ ಎರಡರಲ್ಲೂ ಅಕ್ಷರ ಬಿಡದೆ ಒಂದೇ ಇದೆಯೇ ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಶಾಲೆಯ ದಾಖಲೆಯಲ್ಲಿರುವ ಹೆಸರು, ಆಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ.

ಸೇರಿಸಿದ ಮೇಲೆ ಆಯ್ಕೆ ತಪ್ಪಾಯಿತು ಎನಿಸಿದರೆ ಎಂಟು ಮುಗಿದು ಒಂಬತ್ತಕ್ಕೆ ಹೋಗುವಾಗ ಬದಲಿಸುವುದು ಸರಿ. ಒಂಬತ್ತರ ನಡುವೆ ಬದಲಿಸಿದರೆ ಪಾಠಗಳ ಸರಣಿ ತಪ್ಪುತ್ತದೆ. ಹತ್ತಕ್ಕೆ ಬಂದ ಮೇಲೆ, ಊರೇ ಬಿಡಬೇಕಾದ ಅನಿವಾರ್ಯ ಇಲ್ಲದಿದ್ದರೆ, ಶಾಲೆ ಬದಲಿಸಲು ಹೋಗಬೇಡಿ. ಆಂತರಿಕ ಮೌಲ್ಯಮಾಪನದ ಅಂಕ, ಪರೀಕ್ಷಾ ನೋಂದಣಿ ಎಲ್ಲವೂ ಆ ವರ್ಷ ಶಾಲೆಯ ಮೂಲಕವೇ ಮಂಡಳಿಗೆ ಹೋಗುತ್ತವೆ.